ಖಾರದ ಧೂಳಿಗೆ ಬರಲಿದ್ದ ಫೋನು

ಫೋನು ಹುಟ್ಟುವ ಮೊದಲೇ ಅದರ ಜಾತಕ ಓದುವುದು ನನ್ನ ಕೆಲಸ. ಹಾವೇರಿಯ ನಮ್ಮ ಮನೆಯ ಮಾಳಿಗೆ ಮೆಟ್ಟಿಲ ಮೇಲೆ ಕೂತು, ಯಾವ ಕಂಪನಿ ಯಾವ ಫೋನು ತರಲಿದೆಯಂತೆ, ಅದರ ಕ್ಯಾಮೆರಾ ಎಷ್ಟು ದಪ್ಪವಂತೆ, ಬ್ಯಾಟರಿ ಎಷ್ಟು ಹೊತ್ತು ಉಸಿರು ಹಿಡಿಯುತ್ತದಂತೆ ಎಂದು ನಮ್ಮ ಮಾತಿನಲ್ಲೇ ಒದರಿ ವಿಡಿಯೋ ಹಾಕುತ್ತೇನೆ. ಒದರುವುದು ಅಂದರೆ ಒದರುವುದೇ. ನನ್ನ ದನಿ ಕಿವಿಗೆ ಬಿದ್ದರೆ ಪಕ್ಕದ ಮನೆಯ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ಅದರ ಒಡತಿ ನಮ್ಮವ್ವನ ಹತ್ತಿರ ದೂರು ಕೊಟ್ಟಿದ್ದಾಳೆ. ಎಮ್ಮೆಗೆ ಬಹುಶಃ ಬೇರೆ ಕಂಪನಿಯ ಫೋನು ಇಷ್ಟ.

ಪ್ರತಿ ವಿಡಿಯೋದ ಕೊನೆಗೆ ನಾನು ಹೇಳುವ ಮಾತು ಒಂದೇ: ‘ತಡೀರಿ, ಬರಾಕತ್ತೈತಿ!’ ಈ ಮಾತಿನಿಂದಲೇ ನನಗೆ ಹೆಸರು ಬಂದದ್ದು. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನು ಕೂಡ ನನ್ನನ್ನು ಕಂಡರೆ ‘ತಡೀರಿ, ಬರಾಕತ್ತೈತಿ’ ಎಂದು ಚೀಲಕ್ಕೆ ಕೈ ಹಾಕುತ್ತಿದ್ದ. ಆ ಮಾತನ್ನು ಹೇಳಿ ಹೇಳಿ, ಹದಿನೇಳನೇ ವಯಸ್ಸಿಗೇ ನಡು ಹಿಡಿದುಕೊಂಡು ಏಳುವಷ್ಟು ನಾನು ಸುಸ್ತಾದದ್ದು ಈ ಸಲದ ಮೆಣಸಿನಕಾಯಿ ಸುಗ್ಗಿಯಲ್ಲಿ.

ಕೆಲಸದ ಕ್ರಮ ಹೀಗೆ. ಕಾಲೇಜಿಗೆ ಹೋಗುವ ಮೊದಲು ಇಂಗ್ಲಿಷ್ ಪುಟಗಳು, ಹಿಂದಿಯವರ ವಿಡಿಯೋ, ಆಮೇಲೆ ದಾವಣಗೆರೆ, ಹುಬ್ಬಳ್ಳಿ ಕಡೆಯ ನನ್ನಂಥವರು ಏನು ಒದರಿದ್ದಾರೆ ಅನ್ನುವುದು. ಎಲ್ಲರೂ ಹೇಳುವುದು ‘ಸೋರಿಕೆ’. ಸೋರಿ ಸೋರಿ ಕಂಪನಿಯ ಮಾಳಿಗೆಯಲ್ಲಿ ಏನಾದರೂ ಉಳಿದಿದೆಯೋ ಇಲ್ಲವೋ ಅನುಮಾನ. ಇದರಲ್ಲಿ ಯಾವುದು ಖರೇ, ಯಾವುದು ಗಾಳಿ ಎಂದು ವಿಂಗಡಿಸಲು ನಾನು ಬ್ಯಾಡಗಿಯ ಮಾರುಕಟ್ಟೆಯಿಂದ ಒಂದು ಉಪಾಯ ಎತ್ತಿಕೊಂಡಿದ್ದೆ. ಅಲ್ಲಿ ಕಾಯಿ ಕೊಳ್ಳುವವರು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಅಂದರೆ ಕಾಯಿ ಒಣಗಿದೆ. ಸುಮ್ಮನಿದ್ದರೆ ಹಸಿ, ಹಾಗೇ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ನಾನೂ ವಿಡಿಯೋದಲ್ಲಿ ಒಂದು ಒಣ ಮೆಣಸಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಒಬ್ಬರೇ ಹೇಳಿದ ಸುದ್ದಿ ‘ಹಸಿ’. ಬೇರೆ ಬೇರೆ ಮೂರು ಕಡೆಯಿಂದ ಬಂದ ಸುದ್ದಿ ‘ಗಲಗಲ’. ಜನಕ್ಕೆ ಇದು ಭಾರೀ ಹಿಡಿಸಿತು. ಕಾಯಿ ಅಲ್ಲಾಡಿಸುವಾಗ ನಾನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ವೈದ್ಯರು ನಾಡಿ ಹಿಡಿದಂತೆ ಮುಖ ಮಾಡುತ್ತಿದ್ದೆ, ಅದಕ್ಕೂ ಹಿಡಿಸಿರಬೇಕು.

ಸುಗ್ಗಿ ಶುರುವಾಗುವ ಹೊತ್ತಿಗೆ ಚಿಗವ್ವನ ಫೋನು ಪೂರ್ತಿ ಕಿವುಡಾಯಿತು.

ಚಿಗವ್ವ ಅಂದರೆ ನಮ್ಮವ್ವನ ತಂಗಿ, ಬ್ಯಾಡಗಿಯಲ್ಲಿ ಇರುವವಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಒಂದು ತಂಡಕ್ಕೆ ಅವಳೇ ಮುಂದಾಳು. ದಿನಾ ಬೆಳಿಗ್ಗೆ ಕಾಯಿ ಕೊಂಡ ಸಾವ್ಕಾರ ಅವಳಿಗೆ ಫೋನು ಮಾಡಿ, ಇವತ್ತು ಇಂಥ ಗೋದಾಮಿಗೆ ಬರ್ರಿ ಅನ್ನುತ್ತಾನೆ. ಅವಳು ಮನೆ ಮನೆಗೆ ಹೋಗಿ ಹೆಂಗಸರನ್ನು ಕೂಡಿಸಿಕೊಂಡು ಅಲ್ಲಿಗೆ ಹೋಗುತ್ತಾಳೆ. ಉಳಿದವರ ಮನೆಯಲ್ಲೂ ಫೋನುಗಳಿವೆ, ಆದರೆ ಅವೆಲ್ಲ ಗಂಡಂದಿರ ಕಿಸೆಯಲ್ಲಿವೆ. ಹಾಗಾಗಿ ಇಡೀ ತಂಡದ ಕಿವಿ ಅಂದರೆ ಚಿಗವ್ವನ ಫೋನು. ಆ ಕಿವಿಗೆ ಖಾರದ ಧೂಳು ಹೊಕ್ಕಿತ್ತು. ಮಾತು ಕೇಳುವ ಸಣ್ಣ ಜಾಲರಿ ಕೆಂಪಗೆ ಮುಚ್ಚಿ, ಫೋನನ್ನು ಕಿವಿಗಿಟ್ಟರೆ ಮಾತು ಬರುವ ಮೊದಲು ಸೀನು ಬರುತ್ತಿತ್ತು. ಇಯರ್‌ಫೋನು ಚುಚ್ಚುವ ತೂತಿನಲ್ಲಿ ಒಂದು ಒಗ್ಗರಣೆಗೆ ಆಗುವಷ್ಟು ಪುಡಿ ಇತ್ತು.

ಅವಳಿಗೆ ಫೋನು ಮಾಡುವುದೆಂದರೆ ತುಂಗಭದ್ರೆಯ ಆಚೆ ದಡದಲ್ಲಿರುವವರನ್ನು ಕರೆದಂತೆ. ಹಿಂದಿನ ಸುಗ್ಗಿಯಿಂದಲೇ ನಾವೆಲ್ಲ ಹಾಗೆ ಒದರಿ ಒದರಿ ಮಾತಾಡುತ್ತಿದ್ದೆವು. ನನ್ನ ದನಿ ತಯಾರಾದದ್ದು ಅಲ್ಲೇ.

‘ಹುಡುಗಿ, ಧೂಳಿಗೆ ಜಗ್ಗದ ಫೋನ್ ಯಾವದೈತಿ ಹೇಳ,’ ಅಂದಳು. ‘ಫೋಟೋ ಗೀಟೋ ನನಗ ಬ್ಯಾಡ. ಸಾವ್ಕಾರ ಮಾತಾಡಿದ್ದು ಕೇಳಬೇಕು, ಅಷ್ಟ.’

ಆಗ ಒಂದು ಸುದ್ದಿ ಹಸಿ ಹಸಿಯಾಗಿ ತೇಲುತ್ತಿತ್ತು. ಒಂದು ಕಂಪನಿಯ ಮುಂದಿನ ಫೋನಿಗೆ ಧೂಳು ಒಳಗೆ ಹೋಗುವುದೇ ಇಲ್ಲವಂತೆ. ನಾನು ಫೋನಿನಲ್ಲಿ ಒದರಿದೆ, ‘ತಡೀ ಚಿಗವ್ವಾ, ಬರಾಕತ್ತೈತಿ!’

‘ಎಲ್ಲೀತನ ಬಂದೈತಿ?’

‘ಆಂ?’

‘ಹುಬ್ಬಳ್ಳಿ ದಾಟೈತೇನ ಅಂತ.’

ಚಿಗವ್ವನ ಲೆಕ್ಕದಲ್ಲಿ ಬರುವ ವಸ್ತು ಅಂದರೆ ಬಸ್ಸಿನಂತೆ. ಹೊರಟಿದ್ದರೆ ಎಲ್ಲೋ ಒಂದು ಕಡೆ ಇರಲೇಬೇಕು. ಬೇರೆ ಫೋನು ಕೊಂಡರೂ ಇದೇ ಗತಿ, ಧೂಳಿಗೆ ತಡೆಯುವುದು ಬಂದ ಮೇಲೇ ಕೊಳ್ಳುತ್ತೇನೆ ಎಂದು ಅವಳು ಕೂತಳು. ಅಲ್ಲಿಂದ ಪ್ರತಿ ಸಲವೂ ಅದೇ ಪ್ರಶ್ನೆ: ಎಲ್ಲೀತನ ಬಂತು?

ಬ್ಯಾಡಗಿಯ ನೋಡುಗರೂ ಇದನ್ನೇ ಕೇಳುತ್ತಿದ್ದರು. ಕ್ಯಾಮೆರಾ ಬಗ್ಗೆ ನಾನು ಎಷ್ಟೇ ಕುಣಿದರೂ ಕೆಳಗೆ ಬರುವ ಮಾತು ‘ಖಾರದ ಧೂಳಿಗೆ ತಡೀತೈತೇನ್ರಿ?’ ಯಾವ ಇಂಗ್ಲಿಷ್ ಪುಟದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಉತ್ತರ ಇಲ್ಲ ಎಂದು ಹೇಳಿದರೆ ವಿಡಿಯೋ ಸಪ್ಪೆ. ಹಾಗಾಗಿ ಒಂದು ದಿನ ನಾನು ಸ್ವಲ್ಪ ಖಾರ ಹಾಕಿದೆ. ಸ್ವಲ್ಪ ಅಂದರೆ ನನ್ನ ಅಳತೆಯ ಸ್ವಲ್ಪ.

ಆ ಕಂಪನಿಯ ಇಂಜಿನಿಯರ್ ಒಬ್ಬ ಗುಟ್ಟಾಗಿ ಬ್ಯಾಡಗಿಗೆ ಬಂದಿದ್ದನಂತೆ ಎಂದೆ. ಮೆಣಸಿನಕಾಯಿ ರಾಶಿಯಲ್ಲಿ ಫೋನು ಹೂತು, ಅದರ ಮೇಲೆ ಕೂತು ಬುತ್ತಿ ಬಿಚ್ಚಿ ಊಟ ಮಾಡಿ, ಆಮೇಲೆ ತೆಗೆದು ನೋಡಿದರೆ ಫೋನು ಮದುಮಗನಂತೆ ಇತ್ತಂತೆ. ಆದರೆ ಇಂಜಿನಿಯರ್ ಮದುಮಗನಂತೆ ಇರಲಿಲ್ಲ. ಅವನು ಸೀನಿದ ರಭಸಕ್ಕೆ ಪಕ್ಕದ ತೂಕದ ಕಾಟಾ ಅಲುಗಾಡಿ, ಒಬ್ಬ ರೈತನ ಚೀಲ ಇದ್ದದ್ದಕ್ಕಿಂತ ಭಾರ ತೋರಿಸಿತಂತೆ. ರೈತ ಕೈ ಮುಗಿದು, ‘ಸಾಹೇಬ್ರ, ಇನ್ನೊಂದು ಚೀಲ ಐತ್ರಿ, ಇನ್ನೊಮ್ಮೆ ಸೀನ್ರಿ’ ಅಂದನಂತೆ.

‘ಅಂತೆ’ ಅನ್ನುವುದನ್ನು ನಾನು ಪ್ರತಿ ಸಾಲಿಗೂ ಹಾಕಿದ್ದೆ. ಅಷ್ಟರಮಟ್ಟಿಗೆ ಪ್ರಾಮಾಣಿಕಳು. ಆ ವಿಡಿಯೋ ಓಡಿದ ಓಟಕ್ಕೆ ನನ್ನ ಫೋನು ಬಿಸಿಯಾಗಿ ನಮ್ಮವ್ವ ಅದರ ಮೇಲೆ ಹಪ್ಪಳ ಸುಡಬಹುದಿತ್ತು.

ಆಮೇಲೆ ನಾನು ಬೇರೆ ಸುದ್ದಿಗಳಿಗೆ ಹೋದೆ. ಮಡಚುವ ಫೋನು ಮೂರು ಮಡಿಕೆಯಂತೆ, ಕನ್ನಡಕದಲ್ಲೇ ಫೋನಂತೆ, ಬರುವ ಹಬ್ಬಕ್ಕೆ ಎಲ್ಲದರ ಬೆಲೆ ಇಳಿಯುತ್ತದಂತೆ, ಇಲ್ಲ ಏರುತ್ತದಂತೆ. ಈ ಕೆಲಸದಲ್ಲಿ ಏನೂ ಮುಗಿಯುವುದಿಲ್ಲ. ಒಂದು ಫೋನು ಬಂದ ದಿನವೇ ಅದು ಹಳೆಯದು. ಅದರ ಮುಂದಿನದು ಆಗಲೇ ಸೋರಲು ಶುರು. ಮೆಟ್ಟಿಲ ಮೇಲೆ ಕೂತು ಅದೇ ವಾಕ್ಯಗಳಿಗೆ ಬೇರೆ ಹೆಸರು ಹಾಕಿ ಒದರುತ್ತ, ನಡುವೆ ಆಕಳಿಸಿದ ಜಾಗಗಳನ್ನು ಕತ್ತರಿಸುತ್ತ ಕೂರುತ್ತಿದ್ದೆ. ಕತ್ತರಿಸಿದ ಆಕಳಿಕೆಗಳನ್ನೆಲ್ಲ ಜೋಡಿಸಿದ್ದರೆ ಒಂದು ಸಿನಿಮಾ ಆಗುತ್ತಿತ್ತು.

ಹೀಗಿರುವಾಗ ಧೂಳಿನ ಫೋನಿನ ಸುದ್ದಿ ಮತ್ತೆ ಬಂತು. ದಾವಣಗೆರೆಯವನೊಬ್ಬ ಹೇಳಿದ. ಒಂದು ಹಿಂದಿ ಚಾನೆಲ್ ಹೇಳಿತು. ಒಂದು ಇಂಗ್ಲಿಷ್ ಪುಟ ದೊಡ್ಡ ಅಕ್ಷರದಲ್ಲಿ, ಭಾರತದ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಪರೀಕ್ಷೆಯಾದ ಫೋನು ಎಂದು ತಲೆಬರಹ ಹಾಕಿತು. ಮೂರು ಕಡೆ! ತಲೆಬರಹ ಓದಿದವಳೇ ಕಾಯಿ ಅಲ್ಲಾಡಿಸಿ, ‘ಗಲಗಲ ಗಲಗಲ! ತಡೀರಿ, ಬರಾಕತ್ತೈತಿ!’ ಎಂದು ಎಮ್ಮೆ ಹಗ್ಗ ಹರಿದುಕೊಳ್ಳುವಂತೆ ಒದರಿದೆ. ಒಳಗೆ ಪೂರ್ತಿ ಓದಲಿಲ್ಲ. ಸುದ್ದಿ ಪೂರ್ತಿ ಓದಿ ಹೇಳಿದರೆ ಬೇರೆಯವರು ಮೊದಲೇ ಹೇಳಿಬಿಡುತ್ತಾರೆ.

ಅದರ ಬಿಸಿ ಮೊದಲು ತಟ್ಟಿದ್ದು ರಾಣೆಬೆನ್ನೂರಿನಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಕಾಕಾನ, ಅಂದರೆ ಅಪ್ಪನ ತಮ್ಮನ, ಮೊಬೈಲ್ ಅಂಗಡಿ. ಚಿಗವ್ವನ ಫೋನನ್ನು ಸ್ವಚ್ಛ ಮಾಡಿಸಲು ನಾನೇ ಒಯ್ದಿದ್ದೆ. ಕಾಕಾ ಮೂಗಿಗೆ ಕರ್ಚೀಪು ಕಟ್ಟಿಕೊಂಡು, ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಜಾಲರಿ ತಿಕ್ಕುತ್ತ ಕೂತಿದ್ದ. ಪ್ರತಿ ಸಲ ತಿಕ್ಕಿದಾಗಲೂ ಒಂದು ಸೀನು.

‘ಯವ್ವಾ,’ ಅಂದ, ‘ಅಂಗಡಿಗೆ ಬಂದವ್ರೆಲ್ಲಾ ಫೋನ್ ಮುಟ್ಟಿ ನೋಡ್ತಾರ, ಹೊಳ್ಳಿ ಇಡ್ತಾರ. ಯಾಕ್ರಿ ಅಂದ್ರ, ನಿಮ್ಮಣ್ಣನ ಮಗಳು ತಡೀರಿ ಅಂದಾಳ ಅಂತಾರ. ಹಾಕ್ಷೀ! ನನ್ನ ಅಂಗಡಿಗೆ ನಮ್ಮ ಮನೀ ಹುಡುಗೀನ ಅಡ್ಡಗಾಲು!’

‘ಕಾಕಾ, ಬರಾಕತ್ತೈತಿ ಅಂದ್ರ ಬರಾಕತ್ತೈತಿ. ಮೂರು ಕಡೆ ಸುದ್ದಿ ಆಗೈತಿ.’

‘ನನಗ ಮಾಲು ಕೊಡೋ ಏಜೆಂಟಗ ಗೊತ್ತಿಲ್ಲ, ನಿನಗ ಗೊತ್ತೈತಿ. ಹಾಕ್ಷೀ! ಈ ಫೋನ್ ಎರಡ ದಿನ ಕೇಳಸ್ತೈತಿ ನೋಡ. ಮತ್ತ ಧೂಳಿಗೆ ಹೋದ್ರ ಮತ್ತ ಇದ ಹಣೇಬರಹ.’

ಕಾಕಾ ಹೇಳಿದಂತೆಯೇ ಆಯಿತು. ಫೋನು ಮತ್ತೆ ಕಿವುಡಾಯಿತು. ಚಿಗವ್ವನಿಗೆ ಫೋನು ಬಡಿದುಕೊಳ್ಳುವುದು ಕೈಗೆ ಗೊತ್ತಾಗುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಎತ್ತಿ, ಸಾವ್ಕಾರ ಏನು ಹೇಳಿರಬಹುದು ಎಂದು ಅಂದಾಜು ಮಾಡಿ, ‘ಹಾಂ ಹಾಂ, ಬಂದ್ವಿರಿ’ ಎಂದು ಇಟ್ಟುಬಿಡುತ್ತಿದ್ದಳು. ಅಂದಾಜು ನಡೆಯುತ್ತಿತ್ತು, ಯಾಕೆಂದರೆ ಹೆಚ್ಚಿನ ದಿನ ಅದೇ ಗೋದಾಮು. ಒಂದು ದಿನ ಸಾವ್ಕಾರ ಬೇರೆ ಗೋದಾಮು ಹೇಳಿದ್ದ. ಚಿಗವ್ವ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹಳೆಯದಕ್ಕೇ ಹೋದಳು. ಬಾಗಿಲಿಗೆ ಕೀಲಿ. ನಿಂತು, ಕಾದು, ಊರ ಆ ತುದಿಯ ಗೋದಾಮಿಗೆ ನಡೆದು ಹೋಗುವಷ್ಟರಲ್ಲಿ ಬೇರೆ ತಂಡ ಕೂತು ಅರ್ಧ ರಾಶಿ ಬಿಡಿಸಿತ್ತು. ಆ ದಿನ ಇವರೆಲ್ಲ ಬುತ್ತಿ ಗಂಟು ಬಿಚ್ಚದೆ ಮನೆಗೆ ಬಂದರು.

ಸಾವ್ಕಾರ ಒಳ್ಳೆಯವನೇ, ಆದರೆ ಅವನಿಗೂ ಸುಗ್ಗಿ. ಇನ್ನೊಮ್ಮೆ ಹೀಗಾದರೆ ಈ ಸುಗ್ಗಿಯ ಕೆಲಸ ಪೂರ್ತಿ ಆ ಇನ್ನೊಂದು ತಂಡಕ್ಕೇ ಕೊಡುತ್ತೇನೆ ಎಂದ. ಬರುವ ಸೋಮವಾರ ಕಾಯಿಗೆ ಬೆಲೆ ಕಟ್ಟುವ ಟೆಂಡರಿನ ದಿನ, ಮಾಲು ಬಹಳ ಬರುತ್ತದೆ, ಅವತ್ತು ಫೋನು ಮಾಡಿದಾಗ ಸರಿಯಾಗಿ ಮಾತಾಡಬೇಕು ಎಂದ. ಚಿಗವ್ವ ಅವನಿಗೆ ಏನು ಹೇಳಿದ್ದಳು ಗೊತ್ತೇ? ‘ನಮ್ಮಕ್ಕನ ಮಗಳು ಧೂಳಿಗೆ ಜಗ್ಗದ ಫೋನ್ ತರಸಾಕತ್ತಾಳ್ರಿ. ಇನ್ನೇನ ಬಂತ್ರಿ.’

ಇದನ್ನೆಲ್ಲ ನನಗೆ ಹೇಳಿದವಳು ನಮ್ಮವ್ವ, ಏಲಕ್ಕಿ ಹಾರ ಕಟ್ಟುತ್ತ. ನಮ್ಮ ಮನೆಯಲ್ಲಿ ಅದೇ ಕಸುಬು. ಏಲಕ್ಕಿ ಪೋಣಿಸಿ, ಜರಿ ಸುತ್ತಿ, ಕೊನೆಗೆ ಚರಚರ ಅನ್ನುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟು, ಅಂಚನ್ನು ಬಿಸಿ ಮಾಡಿ ಅಂಟಿಸುತ್ತಾರೆ. ‘ಆಕೀಗೆ ಒಂದ ದಿನಾ ಹೇಳ,’ ಅಂದಳು ಅವ್ವ, ತಲೆ ಎತ್ತದೆ. ‘ಸುಮ್ಮ ಬರ್ತೈತಿ ಬರ್ತೈತಿ ಅಂತ ಎಷ್ಟ ದಿನಾ ಅಂತೀ.’

ಹಾಗಾಗಿ ದಿನ ಹುಡುಕಲೆಂದು ನಾನು ಆ ಇಂಗ್ಲಿಷ್ ಪುಟವನ್ನು ಮೊದಲ ಸಲ ಪೂರ್ತಿ ಓದಿದೆ. ಮಾರುಕಟ್ಟೆಗೆ ಬರುವ ದಿನ ಎಲ್ಲೂ ಇರಲಿಲ್ಲ. ಕೊನೆಯ ಪ್ಯಾರಾದಲ್ಲಿ ಗಂಭೀರವಾಗಿ ಹೀಗೆ ಇತ್ತು: ಬಲ್ಲ ಮೂಲಗಳ ಪ್ರಕಾರ, ಪರೀಕ್ಷೆಯ ವೇಳೆ ತೂಕದ ಯಂತ್ರದಲ್ಲಿ ವ್ಯತ್ಯಾಸ ಕಂಡುಬಂದಿದ್ದು, ಸ್ಥಳದಲ್ಲಿದ್ದ ರೈತರೊಬ್ಬರು ಮತ್ತೊಮ್ಮೆ ಸೀನುವಂತೆ ಇಂಜಿನಿಯರ್‌ಗೆ ಮನವಿ ಮಾಡಿದರು.

ನಾನು ಅದನ್ನು ಮತ್ತೆ ಓದಿದೆ. ಹಿಂದಿ ಚಾನೆಲ್ಲಿನ ವಿಡಿಯೋ ಕೊನೆಯತನಕ ನೋಡಿದೆ. ಅಲ್ಲೂ ರೈತ, ಅಲ್ಲೂ ಸೀನು. ಇಂಜಿನಿಯರ್ ಊಟ ಮಾಡಿದ್ದು ಅಲ್ಲಿ ಬಿರಿಯಾನಿ ಆಗಿತ್ತು. ದಾವಣಗೆರೆಯವನು ‘ಬ್ಯಾಡಗಿಯ ನಮ್ಮ ಮೂಲ’ ಅಂದಿದ್ದ. ಆ ಮೂಲ ಮಾಳಿಗೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿತ್ತು. ನಾನು ಗಾಳಿಗೆ ಎಸೆದ ಮಾತು ಊರೂರು ತಿರುಗಿ, ಮೂರು ಬೇರೆ ಬೇರೆ ಅಂಗಿ ಹಾಕಿಕೊಂಡು ನನ್ನ ಬಾಗಿಲಿಗೇ ಬಂದಿತ್ತು. ನಾನು ಅದನ್ನು ಬರ್ರಿ ಬರ್ರಿ ಎಂದು ಒಳಗೆ ಕರೆದು, ಕಿವಿಗೆ ಹಿಡಿದು, ಗಲಗಲ ಅಂದಿದ್ದೆ.

ನಗು ಬರಬೇಕಿತ್ತು. ಬರಲಿಲ್ಲ. ಮೊದಲ ಸುದ್ದಿ ಹೇಗಿತ್ತೋ ಹಾಗೇ ಹಸಿಯಾಗಿತ್ತು. ಒಣಗಿದಂತೆ ಕಂಡದ್ದೆಲ್ಲ ನನ್ನದೇ ಉಸಿರಿನ ಬಿಸಿಗೆ.

ಸುಮ್ಮನಿದ್ದರೆ ನಡೆಯುತ್ತಿತ್ತು. ನನ್ನ ನೋಡುಗರು ಹೆಚ್ಚುತ್ತಿದ್ದರು. ಫೋನು ಬರದಿದ್ದರೆ ‘ಕಂಪನಿ ಮನಸ್ಸು ಬದಲಿಸಿತು’ ಎಂದು ಇನ್ನೊಂದು ವಿಡಿಯೋ ಆಗುತ್ತದೆ. ಈ ಕೆಲಸದಲ್ಲಿ ಎಲ್ಲರೂ ಮಾಡುವುದು ಅದೇ. ಆದರೆ ಸೋಮವಾರ ಮನಸ್ಸು ಬದಲಿಸುವುದಿಲ್ಲ. ರಾಣೆಬೆನ್ನೂರಿಗೆ ಹೋಗಿ ಕಾಕಾನ ಮುಂದೆ ನಿಂತೆ.

‘ಕಾಕಾ, ಬ್ಯಾಡಗಿ ಧೂಳಿನಾಗ ಖರೇನ ಪರೀಕ್ಷೆ ಮಾಡಬೇಕು. ಎರಡು ಮೂರು ಫೋನ್ ಕೊಡು.’

ಅವನು ನನ್ನ ಮುಖ ನೋಡಿದ. ‘ಇಂಜಿನಿಯರ್ ಬಂದು ಮಾಡ್ಯಾನಂತಲ್ಲ?’

‘ಅವ ಬಂದಿಲ್ಲ. ಅಂಥಾವ ಇಲ್ಲಽ ಇಲ್ಲ.’

ಕಾಕಾ ಶೋಕೇಸಿನ ಕೀಲಿ ತೆಗೆದು, ‘ತಗೋ,’ ಅಂದ. ‘ಹೆಂಗೂ ನಿನ್ನ ಪುಣ್ಯಾದಿಂದ ಇವು ಕುಂತಲ್ಲೇ ಮುದುಕಾಗ್ಯಾವ. ನಂದೂ ಒಯ್ಯಿ. ನನಗ ಯಾರೂ ಫೋನ್ ಮಾಡವಲ್ರು.’

ಮರುದಿನ ಬ್ಯಾಡಗಿಗೆ ಹೊರಡುವಾಗ ಅವ್ವ ನನ್ನ ಫೋನನ್ನು ಕೈಯಿಂದ ಕಸಿದುಕೊಂಡು, ಹಾರ ಸುತ್ತುವ ಹಾಳೆಯಲ್ಲಿ ಇಟ್ಟು, ಅಂಚು ಅಂಟಿಸಿಯೇ ಬಿಟ್ಟಳು. ‘ಇದ ಹಾಳಾದ್ರ ನಿಮ್ಮಪ್ಪ ಇನ್ನೊಂದ ಕೊಡಸಂಗಿಲ್ಲ, ನಾನೂ ಕೊಡಸಂಗಿಲ್ಲ.’ ಏಲಕ್ಕಿ ವಾಸನೆಯ ಫೋನು ಹಿಡಿದು ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಅಜ್ಜ ಮೂಗರಳಿಸಿ, ಯಾರ ಸತ್ಕಾರಕ್ಕೆ ಹೊಂಟೀಯವಾ ಎಂದು ಕೇಳಿದ.

ಗೋದಾಮಿನೊಳಗೆ ಕಾಲಿಟ್ಟರೆ ಬೆಳಕೇ ಕೆಂಪು. ಹೆಂಗಸರು ಮೂಗು ಬಾಯಿಗೆ ಸೆರಗು ಬಿಗಿದು ರಾಶಿಯ ಸುತ್ತ ಕೂತಿದ್ದರು. ತೊಟ್ಟು ಮುರಿಯುವ ಚಟಚಟ ಸದ್ದು ಬಿಟ್ಟರೆ ಕೆಮ್ಮು, ಕೆಮ್ಮು ಬಿಟ್ಟರೆ ನಗು. ನಾನು ಒಳಗೆ ಹೋದ ಕೂಡಲೇ ಸೀನಲು ಶುರು ಮಾಡಿದೆ, ನಿಲ್ಲಲೇ ಇಲ್ಲ.

‘ಬಂದಳ್ರವಾ ಇಂಜಿನಿಯರು,’ ಅಂದಳು ಒಬ್ಬ ಮುದುಕಿ. ‘ಕಾಟಾ ಹಿಡ್ಕೋರಿ!’

ಪರೀಕ್ಷೆಗೆ ನಾನು ಒಂದು ಕ್ರಮ ಮಾಡಿದ್ದೆ. ಕಾಕಾನ ಮೂರೂ ಫೋನುಗಳನ್ನು ರಾಶಿಯ ಪಕ್ಕ, ಕೆಲಸ ಮಾಡುವವರ ಮಡಿಲ ಹತ್ತಿರವೇ ಇಡುವುದು. ಮಧ್ಯಾಹ್ನದತನಕ ಬಿಟ್ಟು ಒಂದೊಂದಕ್ಕೂ ಹೊರಗಿನಿಂದ, ಚಿಗವ್ವನ ಕಿವುಡು ಫೋನಿನಿಂದ ಕರೆ ಮಾಡುವುದು. ನಾನು ಹೇಳಿದ ಮಾತನ್ನು ಚಿಗವ್ವ ಒಳಗಿನಿಂದ ಗಟ್ಟಿಯಾಗಿ ತಿರುಗಿ ಹೇಳಬೇಕು, ಆಮೇಲೆ ಫೋನು ತೆರೆದು ತಿರುಗಿ ಕರೆ ಮಾಡಬೇಕು. ಒದರುವಂತಿಲ್ಲ, ಸಾವ್ಕಾರ ಮಾತಾಡುವಂತೆ ಮಾತಾಡಬೇಕು. ಇದನ್ನೆಲ್ಲ ನನ್ನ ಹಾಳೆ ಸುತ್ತಿದ ಫೋನನ್ನು ಒಳಗೇ ಒಂದು ಚೀಲಕ್ಕೆ ಒರಗಿಸಿ ವಿಡಿಯೋ ಮಾಡುವುದು.

ಮೊದಲ ಫೋನು ಸೋತಿತು. ಮಾತು ಬಾವಿಯ ತಳದಿಂದ ಬಂದಂತೆ ಇತ್ತು. ಎರಡನೆಯದು ಮುಖ ನೋಡಿ ತೆರೆಯುವ ಫೋನು. ಅಂಗಡಿಯಲ್ಲಿ ಚಿಗವ್ವನ ಮುಖ ಅದಕ್ಕೆ ಎಲ್ಲಿ ಗೊತ್ತಿತ್ತು ಎಂದು ಅಲ್ಲೇ ಹೊಸದಾಗಿ ಪರಿಚಯ ಮಾಡಿಸಿದೆವು. ಆದರೆ ಸೆರಗು ಕಟ್ಟಿದರೆ ಗುರುತು ಹಿಡಿಯಲಿಲ್ಲ, ಸೆರಗು ತೆಗೆದರೆ ಚಿಗವ್ವ ಕಣ್ಣು ಬಿಡಲಿಲ್ಲ. ‘ನನ್ನ ಗಂಡನೂ ಹಿಂಗ, ಸುಗ್ಗಿ ಮುಗಿಯೂತನಕ ಗುರತ ಹಿಡಿಯಂಗಿಲ್ಲ,’ ಅಂದಳು ಯಾರೋ. ಮೂರನೆಯದು ಕಾಕಾನದು, ಬೆರಳು ಒತ್ತಿದರೆ ತೆರೆಯುತ್ತದೆ; ಚಿಗವ್ವನ ಬೆರಳನ್ನೂ ಅದಕ್ಕೆ ಪರಿಚಯ ಮಾಡಿಸಿದ್ದೆವು. ಬೆರಳಿಗೆಲ್ಲ ಕಾಯಿಯ ಎಣ್ಣೆ. ಒತ್ತಿ ಒತ್ತಿ ಕೊನೆಗೆ ಅದು ತಾನೇ ಬೀಗ ಹಾಕಿಕೊಂಡಿತು. ಅಷ್ಟರಲ್ಲಿ ನನ್ನ ಗಂಟಲೂ ಬೀಗ ಹಾಕಿಕೊಂಡಿತ್ತು. ಎಮ್ಮೆಯನ್ನೇ ಹೆದರಿಸಿದ ದನಿ, ಗಾಳಿ ಹೋದ ಟ್ಯೂಬಿನಂತೆ ಸುಯ್ ಅಂದಿತು.

ಹೊರಗೆ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಚಿಗವ್ವ ಅರ್ಧ ರೊಟ್ಟಿ ನನ್ನ ಕೈಗಿಟ್ಟು ಕೇಳಿದಳು, ‘ಆತು, ಇವು ಹೋದ್ವು. ಆ ಫೋನ್ ಎಲ್ಲೀತನ ಬಂತು? ಸೋಮವಾರಕ್ಕ ಮುಟ್ಟತೈತೋ ಇಲ್ಲೋ?’

‘ಅದು ಬರಂಗಿಲ್ಲ ಚಿಗವ್ವ. ಹೊರಟಽ ಇಲ್ಲ.’ ಹೋದ ದನಿಯಲ್ಲೇ ಎಲ್ಲ ಹೇಳಿದೆ. ಮೂರು ಕಡೆಯ ಸುದ್ದಿ ಮೂರೂ ನನ್ನದೇ ಎಂದೆ. ಇಂಜಿನಿಯರ್‌ನನ್ನು ಕಟ್ಟಿದ್ದು ನಾನೇ ಎಂದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ‘ಕಾಟಾ ಅಲಗಾಡಿದ್ದೂ ಸುಳ್ಳ?’

‘ಸುಳ್ಳ.’

‘ಇನ್ನೊಮ್ಮೆ ಸೀನ್ರಿ ಅಂದಿದ್ದು?’

‘ಅದೂ.’

‘ಅದು ಛಲೋ ಇತ್ತಲ್ಲ,’ ಅಂದಳು, ಮನೆಯಿಂದ ಏನೋ ಕಳೆದುಕೊಂಡವಳಂತೆ.

ಆ ಮುದುಕಿ ಮಾತ್ರ ಒಪ್ಪಲಿಲ್ಲ. ‘ಏ, ನಾ ನೋಡೇನವಾ. ಈ ಕಣ್ಣಾರೆ ನೋಡೇನಿ. ಕೆಂಪಗ, ದಪ್ಪಗ ಇದ್ದ. ನೀ ಏನ್ ಹೇಳ್ತೀ!’ ಅವನನ್ನು ಕಟ್ಟಿದ ನನಗೇ ಅವಳು ಅವನ ಅಂಗಿಯ ಬಣ್ಣ ಹೇಳಿದಳು. ವಾದ ಮಾಡಲು ನನಗೆ ದನಿಯೂ ಇರಲಿಲ್ಲ, ತ್ರಾಣವೂ ಇರಲಿಲ್ಲ.

ಚಿಗವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅದರಲ್ಲಿ ನಾನು ಗಟ್ಟಿಗಿತ್ತಿ. ಅವಳು ಹೆಂಗಸರ ಕಡೆ ನೋಡಿ, ‘ಸೋಮವಾರ ನಾ ನಸುಕಿನ್ಯಾಗಽ ಸಾವ್ಕಾರನ ಮನೀ ಕಟ್ಟಿಗೆ ಹೋಗಿ ಕುಂದರ್ತೀನಿ,’ ಅಂದಳು. ‘ನಾಯಿ ಅದಾವ, ನೋಡೂಣು.’

ಊಟ ಆದ ಮೇಲೆ ಅವರೆಲ್ಲ ಒಳಗೆ ಹೋದರು. ನಾನು ಫೋನುಗಳನ್ನು ಎತ್ತಿಕೊಳ್ಳಲು ಹಿಂದೆಯೇ ಹೋದೆ. ಆಗ ನನ್ನ ಫೋನು ಬಡಿದುಕೊಂಡಿತು. ಎರಡೂ ಕೈ ತುಂಬಿತ್ತು. ಅದನ್ನು ಚೀಲದ ಮೇಲಿಟ್ಟು ಹಾಳೆಯ ಮೇಲಿಂದಲೇ ಬೆರಳು ಎಳೆದು, ಸ್ಪೀಕರಿಗೆ ಹಾಕಿದೆ.

‘ಉಂಡಿಯೇನ? ಬಸ್ಸಿಗೆ ಲಗೂ ಬಾ. ಮೆಣಸಿನಕಾಯಿ ಕೈ ಕಣ್ಣಿಗೆ ಒತ್ಗೋಬ್ಯಾಡ,’ ಅಂದಿತು ಫೋನು.

ರಾಶಿಯ ಆ ಕಡೆಯಿಂದ ಚಿಗವ್ವ ಎದ್ದು ನಿಂತಳು. ‘ನಮ್ಮಕ್ಕ ಎಲ್ಲಿದ್ದಾಳ? ಬಂದಾಳೇನ?’

‘ಫೋನಿನ್ಯಾಗ ಚಿಗವ್ವ.’

ಅವಳು ಕಾಯಿಗಳನ್ನು ದಾಟಿ ಬಂದು ನನ್ನ ಫೋನನ್ನು ಕೈಗೆ ತೆಗೆದುಕೊಂಡಳು. ‘ಅಕ್ಕಾ, ಇನ್ನಷ್ಟ ಮಾತಾಡ,’ ಅಂದಳು. ನಮ್ಮವ್ವನಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಚಿಗವ್ವ ಕಿವಿಗಿಟ್ಟು ಕೇಳಿದಳು, ದೂರ ಹಿಡಿದು ಕೇಳಿದಳು. ಸೀನು ಬರಲಿಲ್ಲ. ಹಾಳೆಯ ಮೇಲೆ ಕೆಂಪು ಪುಡಿ ಕೂತಿತ್ತು. ಸೆರಗಿನಿಂದ ಒರೆಸಿದಳು, ಹೋಯಿತು. ‘ಮುಂಜಾನಿಂದ ಇದೂ ಇಲ್ಲೇ ಇತ್ತಲ್ಲ ಹುಡುಗಿ. ಇದಕ್ಯಾಕ ಏನೂ ಆಗಿಲ್ಲ?’

ನಾನು ಆ ಫೋನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಪರೀಕ್ಷೆ ನೋಡುವ ಫೋನು, ಪರೀಕ್ಷೆ ಬರೆಯುವ ಫೋನಲ್ಲ ಅಂದುಕೊಂಡಿದ್ದೆ. ಏಲಕ್ಕಿ ಹಾರಕ್ಕೆ ಧೂಳು ತಾಗಗೊಡದ ಹಾಳೆ ಮೆಣಸಿನಕಾಯಿಯ ಧೂಳನ್ನೂ ಒಳಗೆ ಬಿಟ್ಟಿರಲಿಲ್ಲ. ಮಾತು ಮಾತ್ರ ಅದನ್ನು ದಾಟಿ ಬಂದಿತ್ತು, ಅದೂ ನಮ್ಮವ್ವನ ಮಾತು.

ಉಳಿದ ಕೆಲಸ ಮಾಡಿದವರು ಬೇರೆಯವರು. ಕಾಕಾ ತನ್ನ ಫೋನನ್ನು ತೊಳೆಯಲು ಕೂತು, ಸೀನುತ್ತಲೇ ಚಿಗವ್ವ ಕೂಡಿಟ್ಟ ದುಡ್ಡಿಗೆ ಹೊಂದುವ ಒಂದು ಸಾಧಾರಣ ಫೋನು ತೆಗೆದುಕೊಟ್ಟ. ಹೊಸದೇ, ಆದರೆ ಯಾರೂ ಅದರ ಜಾತಕ ಓದದೆ ಮೂಲೆಯಲ್ಲಿ ಉಳಿದಿತ್ತು. ಅವ್ವ ಅದನ್ನು ಹಾಳೆಯಲ್ಲಿ ಸುತ್ತಿದಳು. ಸಂಜೆ ಹಾಳೆ ಹರಿದು ಚಾರ್ಜಿಗೆ ಹಚ್ಚು, ಬೆಳಿಗ್ಗೆ ಹೊಸ ಹಾಳೆ ಸುತ್ತು, ಅಂಚನ್ನು ದೀಪದ ಬಿಸಿಗೆ ಹೀಗೆ ಹಿಡಿ ಎಂದು ತಂಗಿಗೆ ತೋರಿಸಿ, ಹಾಳೆಗಳ ಒಂದು ಕಟ್ಟನ್ನೇ ಕೊಟ್ಟಳು.

ನಾನು ಮಾಡಿದ್ದು ವಿಡಿಯೋ. ದನಿ ಇನ್ನೂ ಬಂದಿರಲಿಲ್ಲ. ಪಿಸುಗುಟ್ಟುತ್ತಲೇ ಸುದ್ದಿಯನ್ನು ಹಿಂದುಮುಂದಾಗಿ ಬಿಚ್ಚಿ ತೋರಿಸಿದೆ: ಇಂಗ್ಲಿಷ್ ಪುಟ, ಅದರ ಹಿಂದೆ ಹಿಂದಿ, ಅದರ ಹಿಂದೆ ದಾವಣಗೆರೆ, ಅದರ ಹಿಂದೆ ನಾನು, ನನ್ನ ಹಿಂದೆ ಖಾಲಿ ಮೆಟ್ಟಿಲು. ಕೊನೆಗೆ, ‘ತಡೀಬ್ಯಾಡ್ರಿ. ಬೇಕಿದ್ರ ಇರೋದನ್ನ ತಗೋರಿ, ಹಾಳ್ಯಾಗ ಸುತ್ರಿ,’ ಅಂದೆ. ಕಾಯಿ ಅಲ್ಲಾಡಿಸಲಿಲ್ಲ. ಅಂಥ ಸಪ್ಪೆ ವಿಡಿಯೋವನ್ನು ನಾನು ಯಾವತ್ತೂ ಹಾಕಿರಲಿಲ್ಲ. ಬಹಳ ಜನ ಅರ್ಧಕ್ಕೇ ಎದ್ದು ಹೋದರು. ಒಬ್ಬ ‘ಇಂಜಿನಿಯರ್ ಮತ್ತ ಯಾವಾಗ ಬರ್ತಾನ?’ ಎಂದು ಕೇಳಿದ. ಇನ್ನೊಬ್ಬ, ಹಳೇ ಮಾಲು ಖಾಲಿ ಮಾಡಲು ಕಾಕಾ ನನಗೆ ರೊಕ್ಕ ಕೊಟ್ಟಿದ್ದಾನೆ ಎಂದು ಬರೆದ. ಕಾಕಾ ಅದನ್ನು ಓದಿ, ‘ಕೊಟ್ಟಿದ್ರ ನನಗಾರ ಗೊತ್ತಾಗಬೇಕಿತ್ತಲ್ಲ?’ ಅಂದ. ದಾವಣಗೆರೆಯವನು ಮಾತ್ರ ಆ ಸಂಜೆಯೇ ಹೊಸ ಸುದ್ದಿ ಬಿಟ್ಟ: ಕಂಪನಿಯ ಮುಂದಿನ ಫೋನು ಏಲಕ್ಕಿ ಪರಿಮಳದಲ್ಲಿ ಬರಲಿದೆಯಂತೆ.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿದ್ದೆ. ಯಾವ ಪುಟವನ್ನೂ ತೆರೆಯಲು ಮನಸ್ಸಾಗಲಿಲ್ಲ. ಅವ್ವ ಒಳಗೆ ಏಲಕ್ಕಿ ಆರಿಸುತ್ತಿದ್ದಳು, ಆದರೆ ಅವಳ ಕಿವಿಯೂ ಹೊರಗೇ ಇತ್ತು. ಬಿಸಿಲು ಮೂರನೇ ಮೆಟ್ಟಿಲಿಗೆ ಬಂದಾಗ ಚಿಗವ್ವನ ಕರೆ ಬಂತು. ಎದ್ದು ನಿಂತು, ದನಿ ಮರಳಿ ಬಂದದ್ದೇ ಆಗ ಗೊತ್ತಾಗುವಂತೆ ಒದರಿದೆ, ‘ಚಿಗವ್ವಾ! ಕೇಳಸಾಕತ್ತೈತೇನು? ಸಾವ್ಕಾರ ಮಾಡಿದ್ನೇನು? ಎಲ್ಲಿ ಅದೀ?’

ಆ ಕಡೆಯಿಂದ ಮೊದಲು ಹೆಂಗಸರ ಮಾತು ಕೇಳಿತು. ಯಾರೋ ಸೆರಗಿನೊಳಗೇ ನಗುತ್ತಿದ್ದರು. ಆಮೇಲೆ ಚೀಲ ಸುರುವಿದ ಸದ್ದು. ಒಣಗಿದ ಕಾಯಿ ನೆಲಕ್ಕೆ ಬಿದ್ದು ಬೀಜ ಗಲಗಲ ಅಂದದ್ದು ಹಾವೇರಿಯತನಕ ಸ್ಪಷ್ಟವಾಗಿ ಬಂತು.

‘ಬ್ಯಾರೆ ಗೋದಾಮು ಹೇಳಿದ್ನವಾ. ಬಂದು ಕುಂತೇವಿ,’ ಅಂದಳು ಚಿಗವ್ವ. ‘ಒದರಬ್ಯಾಡ. ಎಲ್ಲಾ ಕೇಳಸ್ತೈತಿ.’